ಜಮಾದಾರ ಕೂತ ಜಾಗ

ವರನ ಕಡೆಯವರು ಅವಲಕ್ಕಿ ತಟ್ಟೆಯನ್ನು ಕೈಗೆ ತೆಗೆದುಕೊಂಡು ಇನ್ನೂ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ, ಅಷ್ಟರಲ್ಲಿ ಜಮಾದಾರ ಬಂದು ವರನ ಮುಂದೆ ಕೂತುಬಿಟ್ಟ.

ಬೇರೆಯವರ ಮನೆಯ ನಾಯಿ ಹೀಗೆ ಕೂತಿದ್ದರೆ ಅವಲಕ್ಕಿಯ ಆಸೆ ಅಂತ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಜಮಾದಾರ ಮಲಪ್ರಭಾ ಜಂಕ್ಷನ್ನಿನ ಪೊಲೀಸ್ ನಾಯಿ. ಅವನು ಮುಂಗಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಬಾಲ ಅಲ್ಲಾಡಿಸದೆ ಒಬ್ಬರ ಮುಂದೆ ಕೂತನೆಂದರೆ ಈ ಮನುಷ್ಯನ ಹತ್ತಿರ ಗಾಂಜಾ ಇದೆ ಎಂದೇ ಲೆಕ್ಕ. ಮಾತು ಕಲಿಯುವ ಕೂಸಿಗೂ ಆ ಊರಿನಲ್ಲಿ ಅದು ಗೊತ್ತು.

ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ವಧು ನೀಲಗಂಗಾಳ ಕೈಯಲ್ಲಿ ಕಪ್ಪುಗಳು ತಮ್ಮತಮ್ಮಲ್ಲೇ ಕಿಣಿಕಿಣಿ ಮಾತಾಡಿಕೊಂಡವು. ಮಾತಾಡಬೇಕಾದವಳು ಅವಳು. ಹತ್ತು ಜನರ ಎದುರು ಅವಳ ಗಂಟಲು ಯಾವಾಗಲೂ ಮೊದಲು ಮುಷ್ಕರ ಹೂಡುತ್ತಿತ್ತು. ಆ ದಿನವೂ ಹೂಡಿತು.

ವರ ಮಲ್ಹಾರಿ ನಾಟಕ ಕಂಪನಿಯಲ್ಲಿ ಪರದೆ ಬರೆಯುವವನು. ಅರಮನೆ, ಅಡವಿ, ಕೈಲಾಸ ಎಲ್ಲವೂ ಅವನ ಕುಂಚದಿಂದಲೇ ಇಳಿಯಬೇಕು. ಭುಜಕ್ಕೆ ಬರುವಷ್ಟು ಕೂದಲು, ಒಂದು ಕಿವಿಯಲ್ಲಿ ಮುರುವು, ಉಗುರಿನ ಸಂದಿಯಲ್ಲಿ ಎಂದೂ ಹೋಗದ ನೀಲಿ. ಇಷ್ಟು ಸಾಕಾಗಿತ್ತು, ನೀಲಗಂಗಾಳ ಅಣ್ಣ ಹೆಡ್ ಕಾನ್‌ಸ್ಟೇಬಲ್ ಫಕೀರೇಶನಿಗೆ. ಹೆಂಡತಿ ಕಸ್ತೂರಿಯ ಮಾತಿಗೆ ಕಟ್ಟುಬಿದ್ದು ಅವರನ್ನು ಮನೆಗೆ ಕರೆದಿದ್ದನೇ ಹೊರತು, ಕಂಪನಿ ಹುಡುಗರೆಂದರೆ ಸೇದುವವರೇ ಎಂಬ ಗುಮಾನಿ ಅವನ ಮೀಸೆಯಡಿಯಲ್ಲೇ ಕೂತಿತ್ತು. ಈಗ ಅವನೇ ಮನೆಯಲ್ಲಿಟ್ಟು ಪಳಗಿಸಿದ ನಾಯಿ ಅದನ್ನು ಎಲ್ಲರೆದುರು ಹೇಳಿತ್ತು.

ಫಕೀರೇಶ ಎದ್ದು, ಇದು ಮನೆ ಎನ್ನುವುದನ್ನೂ ಮರೆತು, ವರನ ಜೋಳಿಗೆ ತಪಾಸಿಸಿದ. ಒಂದು ಬಾಚಣಿಗೆ, ಎರಡು ಕುಂಚ, ಹುಡುಗಿಗೆಂದು ತಂದ ಹಸಿರು ಬಳೆ. ಮಲ್ಹಾರಿ ತಾನೇ ಕಿಸೆ ಬೋರಲು ಹಾಕಿ ತೋರಿಸಿದ. ಏನೂ ಇರಲಿಲ್ಲ.

“ಇವತ್ತ ಇಲ್ಲ ಅಂದ್ರ ನಿನ್ನೆ ಇತ್ತು,” ಅಂದ ಫಕೀರೇಶ. “ಹಳೇ ವಾಸನಿ ಹತ್ತಿರತೈತಿ. ನಮ್ಮ ಜಮಾದಾರ ಇಲ್ಲೀಮಟ ತಪ್ಪಿಲ್ಲ.”

ಮಲ್ಹಾರಿಯ ತಾಯಿ ರೇಣವ್ವ ಒಂದು ಕಾಲಕ್ಕೆ ಕಂಪನಿಯಲ್ಲಿ ರಾಣಿ ಪಾರ್ಟು ಮಾಡಿದವಳು. ಸೆರಗು ಸರಿಮಾಡಿಕೊಂಡು, ಸಿಂಹಾಸನದಿಂದ ಇಳಿದಂತೆ ಕುರ್ಚಿಯಿಂದ ಎದ್ದಳು.

“ನಮ್ಮ ಹುಡುಗನ ಜಾತಕ ನಾಯಿ ನೋಡತೈತಿ ಅಂತ ಮೊದಲ ಹೇಳಿದ್ರ, ಅದಕ್ಕೂ ಒಂದು ದಕ್ಷಿಣಿ ತರ್ತಿದ್ವಿ,” ಅಂದಳು. ಅವಲಕ್ಕಿ ತಟ್ಟೆಗಳು ಹಾಗೇ ಉಳಿದವು. ಜಮಾದಾರನಿಗೆ ಫಕೀರೇಶ ಅಭ್ಯಾಸಬಲದಿಂದ ರಬ್ಬರ್ ಚೆಂಡು ಎಸೆದ. ಕೂತದ್ದಕ್ಕೆ ಅದೇ ಇನಾಮು. ನಾಯಿ ಚೆಂಡನ್ನು ಕಚ್ಚಿಕೊಂಡು ಇಡೀ ಅಂಗಳವನ್ನು ಸಂತೋಷದಿಂದ ಸುತ್ತಿತು. ಅವತ್ತು ಆ ಮನೆಯಲ್ಲಿ ಸಂತೋಷಪಟ್ಟ ಜೀವ ಅದೊಂದೇ.

ಆ ಹೊತ್ತಿಗೆ ಶ್ವಾನಸಾಕ್ಷಿ ಕಾಯ್ದೆ ಬಂದು ಜನ ಅದಕ್ಕೆ ಒಗ್ಗಿಹೋಗಿದ್ದರು. ನಾಯಿ ಕೂತರೆ ಬೇರೆ ಸಾಕ್ಷಿ ಬೇಡ. ಅದು ಯಾರ ಮುಂದೆ ಕೂತಿತೋ ಆ ಮನುಷ್ಯನನ್ನು ತಪಾಸಣೆ ಕೋಣೆಗೆ ಒಯ್ದು, ಮೈ ಜಾಲಾಡಿ, ಸಂಜೆಯ ತನಕ ಬೆಂಚಿನ ಮೇಲೆ ಕೂಡಿಸಬಹುದು. ಸಿಕ್ಕರೆ ಕೇಸು. ಸಿಗದಿದ್ದರೆ ‘ಹಳೆಯ ವಾಸನೆ’ ಎಂದು ಬರೆದುಕೊಂಡು ಬಿಟ್ಟು ಕಳಿಸುವುದು. ಹಾಗಾಗಿ ನಾಯಿ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಸಿಕ್ಕರೆ ಈಗಿನ ವಾಸನೆ, ಸಿಗದಿದ್ದರೆ ಆಗಿನ ವಾಸನೆ.

ಸಮುದ್ರದ ಕಡೆಯಿಂದ ಬರುವ ಗಾಡಿಗಳೆಲ್ಲ ಮಲಪ್ರಭಾ ಜಂಕ್ಷನ್ನಿನಲ್ಲಿ ನಿಂತು ಹೋಗುತ್ತಿದ್ದುದರಿಂದ ಜಮಾದಾರನಿಗೆ ಕೈತುಂಬ ಕೆಲಸ. ಸ್ಟೇಷನ್ ಹತ್ತಿರವಾದಂತೆ ಜನರಲ್ ಡಬ್ಬಿಯಲ್ಲಿ ತಾಯಂದಿರು ಗಂಡುಮಕ್ಕಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಕೆಂಪು ಕೂದಲಿನ ಹುಡುಗರು ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದರು. ಕಾವಿ ಉಟ್ಟ ಜಂಗಮರು ಒಂದು ಸ್ಟೇಷನ್ ಮೊದಲೇ ಇಳಿದು ನಡೆದುಕೊಂಡು ಬರುತ್ತಿದ್ದರು. ಹೊರಗೆ ಒಬ್ಬ ‘ನಾಯಿ ಕೂಡದ ಸಾಬೂನು’ ಮಾರುತ್ತಿದ್ದ. ಅದರಿಂದ ಬೇವಿನ ವಾಸನೆಯಷ್ಟೇ ಬರುತ್ತಿತ್ತು, ಆದರೂ ಖರ್ಚಾಗುತ್ತಿತ್ತು. ಏಸಿ ಡಬ್ಬಿಯವರಿಗೆ ಇದೊಂದೂ ತಾಪತ್ರಯವಿರಲಿಲ್ಲ. ಜಮಾದಾರ ಅಲ್ಲಿ ಯಾಕೋ ಕೂಡುತ್ತಲೇ ಇರಲಿಲ್ಲ. ಒಳ್ಳೆಯ ಜನ ಒಳ್ಳೆಯ ಡಬ್ಬಿಯಲ್ಲಿ ಹೋಗುತ್ತಾರೆ ಎಂದು ಎಲ್ಲರೂ ತಿಳಿದಿದ್ದರು.

ನೀಲಗಂಗಾ ಕೆಲಸ ಮಾಡುತ್ತಿದ್ದುದು ಊರ ಹೊರಗಿನ ಘ್ರಾಣ ಸಂಶೋಧನಾಲಯದಲ್ಲಿ. ವಾಸನೆ ಎಂದರೇನು, ಅದು ಮೂಗಿನಿಂದ ಮಿದುಳಿಗೆ ಹೇಗೆ ಹೋಗುತ್ತದೆ ಎನ್ನುವುದೇ ಅವರ ಕಸುಬು. ಬಗೆಬಗೆಯ ಮನುಷ್ಯರ ಮೈವಾಸನೆ ಬೇಕಾದಾಗ ನಾಟಕ ಕಂಪನಿಯವರು ಒಂದು ದಿನ ಗುಂಪಾಗಿ ಬಂದು ಬನಿಯನ್ ಕೊಟ್ಟುಹೋಗಿದ್ದರು. ಆಗಲೇ ಅವಳಿಗೆ ಮಲ್ಹಾರಿಯ ಪರಿಚಯ. ಅವನೂ ಮಾತು ಕಡಿಮೆಯವನು. ಇಬ್ಬರು ಮಾತಿಲ್ಲದವರು ಒಬ್ಬರಿಗೊಬ್ಬರು ಇಷ್ಟವಾದದ್ದು ಹೇಗೆ ಎಂದು ಅಣ್ಣನ ಹೆಂಡತಿ ಕಸ್ತೂರಿ ವೈನಿ ಎಷ್ಟು ಕೆದಕಿದರೂ ನೀಲಗಂಗಾ ಬಾಯಿ ಬಿಟ್ಟಿರಲಿಲ್ಲ. ತನಗೆ ಬಂದ ಗಂಡುಗಳಲ್ಲಿ ತನ್ನ ಮಾತಿಗೆ ಕಾದು ನಿಂತವನು ಇವನೊಬ್ಬನೇ ಎಂದು ಅವಳಿಗಷ್ಟೇ ಗೊತ್ತಿತ್ತು.

ಆ ದಿನಗಳಲ್ಲಿ ಸಂಶೋಧನಾಲಯ ಹೊಸದೊಂದು ಸಾಧನ ಮಾಡಿತ್ತು. ಕೂದಲಿಗಿಂತ ಸಣ್ಣ ತಂತಿಗಳನ್ನು ಹೆಣೆದು ಮಾಡಿದ ಪಟ್ಟಿ. ನಾಯಿಯ ಹಣೆಗೆ ಕಟ್ಟಿದರೆ ಥೇಟು ಮದುಮಗನ ಬಾಸಿಂಗದ ಹಾಗೆ ಕಾಣುತ್ತಿತ್ತು. ಅದಕ್ಕೊಂದು ಮಾರುದ್ದದ ಹೆಸರಿದ್ದರೂ ಎಲ್ಲರೂ ಬಾಸಿಂಗ ಎಂದೇ ಕರೆದರು. ವಾಸನೆ ಮೂಗಿಗೆ ಬಡಿದಾಗ ನಾಯಿಯ ಮಿದುಳಿನ ಮುಂತುದಿಯಲ್ಲಿ ಒಂದು ಅಲೆ ಏಳುತ್ತದೆ. ಒಂದೊಂದು ವಾಸನೆಗೆ ಒಂದೊಂದು ತರದ ಅಲೆ. ಗಾಂಜಾದ ಜಾತಿಯ ಅಲೆ ಎದ್ದರೆ ಬಾಸಿಂಗದ ಮೇಲೆ ಹಸಿರು ದೀಪ. ನಾಯಿಗೆ ಇನ್ನೂ ಒಂದು ಚಟವಿದೆ. ತನ್ನ ಯಜಮಾನನನ್ನು ಓದುವುದು. ಅವನ ಮುಖ, ನಡಿಗೆ, ಉಸಿರು, ಬೆವರು ಎಲ್ಲವನ್ನೂ ಓದುವಾಗ ಮಿದುಳಿನ ಬೇರೆ ಜಾಗ ಎಚ್ಚರವಾಗುತ್ತದೆ. ಅದಕ್ಕೆ ಹಳದಿ ದೀಪ. ನಾಯಿ ಕೂತ ಗಳಿಗೆಯಲ್ಲಿ ಯಾವ ದೀಪ ಉರಿಯಿತು ಎಂದು ನೋಡಿದರೆ, ಅದು ಮೂಗಿನ ಮಾತು ಕೇಳಿ ಕೂತಿತೋ ಮನುಷ್ಯನ ಮಾತು ಕೇಳಿ ಕೂತಿತೋ ತಿಳಿಯುತ್ತದೆ.

ಪೊಲೀಸ್ ಇಲಾಖೆ ಇದನ್ನು ಕೇಳಿ ಮಾಡಿಸಿದ್ದು ನಾಯಿಯ ಮೂಗನ್ನು ಪ್ರಶ್ನಿಸುವ ವಕೀಲರ ಬಾಯಿ ಮುಚ್ಚಿಸಲಿಕ್ಕೆ. ಮೊದಲು ಜಮಾದಾರನ ಹಣೆಗೇ ಕಟ್ಟಬೇಕೆಂದು ಹಟ ಹಿಡಿದವನು ಫಕೀರೇಶ. ಹಸಿರು ಬಿಟ್ಟು ಬೇರೆ ಬಣ್ಣ ಬಂದರೆ ಮೀಸೆ ಬೋಳಿಸುತ್ತೇನೆ ಎಂದು ಠಾಣೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದ.

ವರನ ಕಡೆಯವರು ಎದ್ದುಹೋದ ಮರುವಾರ ಅಣ್ಣ ನಾಯಿಯನ್ನು ಹಿಡಿದುಕೊಂಡು ಸಂಶೋಧನಾಲಯಕ್ಕೆ ಬಂದ. ತಂಗಿಯ ಜೊತೆ ಮಾತು ಬಿಟ್ಟಿದ್ದರೂ ಕೆಲಸ ಕೆಲಸವೇ. ದೊಡ್ಡ ಹಾಲಿನಲ್ಲಿ ಸಾಲಾಗಿ ಗಡಿಗೆಗಳನ್ನು ಇಟ್ಟಿದ್ದರು. ಸಂಶೋಧನಾಲಯದ ಮುಖ್ಯಸ್ಥರು ಡಾಕ್ಟರ್ ಉಪಾಧ್ಯೆ. ದೊಡ್ಡ ಹೊಟ್ಟೆಯ, ಸಣ್ಣ ದನಿಯ ಮನುಷ್ಯ. ಯಾವ ಗಡಿಗೆಯಲ್ಲಿ ಗಾಂಜಾ ಇದೆಯೆಂದು ಅವರು ಯಾರಿಗೂ ಹೇಳಲಿಲ್ಲ. ಫಕೀರೇಶ ತನ್ನ ಪದ್ಧತಿಯಂತೆ ಡೊಳ್ಳಿನ ಪದವೊಂದನ್ನು ಗುನುಗುತ್ತ ಸಾಲಿನುದ್ದಕ್ಕೂ ನಡೆದ. ಕೆಲಸದ ಮೇಲಿದ್ದಾಗ ಅವನ ಗುನುಗು ನಿಲ್ಲುತ್ತಲೇ ಇರಲಿಲ್ಲ. ಜಮಾದಾರ ಒಂದು ಗಡಿಗೆಯ ಮುಂದೆ ಕೂತ. ಹಸಿರು. ತೆಗೆದು ನೋಡಿದರೆ ಒಳಗೆ ಸೊಪ್ಪಿನ ಪೊಟ್ಟಣ. ಮತ್ತೆ ಗಡಿಗೆ ಬದಲಿಸಿದರು. ಮತ್ತೆ ಹಸಿರು. ಅಷ್ಟು ಸೂಕ್ಷ್ಮ ಮೂಗನ್ನು ತಾನು ಕಂಡೇ ಇಲ್ಲ ಎಂದು ಉಪಾಧ್ಯೆ ನಾಯಿಗೆ ಕೈ ಮುಗಿದರು. ಫಕೀರೇಶ ಮೀಸೆ ಸವರಿಕೊಂಡ.

ಆಮೇಲೆ ನೀಲಗಂಗಾ ಒಂದು ಕೆಲಸ ಮಾಡಿದಳು. ಎಲ್ಲ ಗಡಿಗೆಗಳನ್ನೂ ತೊಳೆದು ಖಾಲಿ ಇಟ್ಟಳು. ಒಂದರ ಕೊರಳಿಗೆ ಕೆಂಪು ದಾರ ಕಟ್ಟಿ, ಈ ಸಲ ಸರಕು ಅದರಲ್ಲಿದೆ ಎಂದು ಅಣ್ಣನಿಗೆ ಹೇಳಿದಳು. ಸುಳ್ಳು ಹೇಳುವಾಗ ಅವಳ ಕಿವಿ ಕೆಂಪಾದವು. ಅಣ್ಣ ಅದನ್ನು ಗಮನಿಸಲಿಲ್ಲ.

ಫಕೀರೇಶ ಗುನುಗುತ್ತ ಹೊರಟ. ಕೆಂಪು ದಾರದ ಹತ್ತಿರ ಬಂದಾಗ ಪದ ನಿಂತಿತು. ಅವನಿಗೇ ಗೊತ್ತಿಲ್ಲದೆ ನಿಂತಿತು. ಹಳದಿ ದೀಪ ಜಗ್ಗನೆ ಹೊತ್ತಿಕೊಂಡಿತು. ಜಮಾದಾರ ಖಾಲಿ ಗಡಿಗೆಯ ಮುಂದೆ ಮುಂಗಾಲು ಜೋಡಿಸಿ ಕೂತ.

ಗೆದ್ದೆನೆಂದುಕೊಂಡ ಫಕೀರೇಶ ಚೆಂಡು ಎಸೆದು ಚಹಾ ಕುಡಿಯಲು ಹೊರಗೆ ಹೋದ. ಉಪಾಧ್ಯೆ ಖಾಲಿ ಗಡಿಗೆಯೊಳಗೆ ಇಣುಕಿ, ನಾಯಿಯನ್ನು ನೋಡಿ, ನೀಲಗಂಗಾಳ ಕಡೆ ತಿರುಗಿದರು. “ಈ ನಾಯಿ ಬರೇ ಗಾಂಜಾ ಹಿಡಿಯೂದಿಲ್ಲವ್ವಾ. ನಿಮ್ಮಣ್ಣನ ಮನಸ್ಸೂ ಹಿಡಿತೈತಿ.”

ಜಮಾದಾರನ ತಾಯಿ ಮುಧೋಳದವಳು, ತಂದೆ ಹೊರನಾಡಿನ ಮೂಗಿನ ತಳಿ. ದೂರದ ಹೊಲದಲ್ಲಿ ಮೊಲದ ಕಿವಿ ಅಲ್ಲಾಡಿದರೆ ಕಾಣುವ ಕಣ್ಣು ಆ ಮುಧೋಳದ್ದು. ಅಂಥದ್ದಕ್ಕೆ ಪಕ್ಕದಲ್ಲೇ ನಡೆಯುವ ಯಜಮಾನನ ಗುಮಾನಿ ಕಾಣದೇ ಇರುತ್ತದೆಯೇ? ವಾಸನೆ ಹಿಡಿದರೂ ಚೆಂಡು ಸಿಗುತ್ತದೆ, ಯಜಮಾನನ ಗುಮಾನಿ ಹಿಡಿದರೂ ಚೆಂಡು ಸಿಗುತ್ತದೆ. ನಾಯಿಗೆ ಎರಡೂ ಒಂದೇ. ಅದು ಯಾರಿಗೂ ಮೋಸ ಮಾಡಿರಲಿಲ್ಲ, ಪ್ರೀತಿ ಮಾಡಿತ್ತು ಅಷ್ಟೇ.

ಅಂದರೆ ಆ ದಿನ ಅವಲಕ್ಕಿ ತಟ್ಟೆಯ ಮುಂದೆ ಕೂತದ್ದೂ ಹೀಗೆಯೇ. ನೀಲಗಂಗಾಳ ಎದೆ ಹಗುರಾಯಿತು, ಮರುಕ್ಷಣವೇ ಭಾರವಾಯಿತು. ಇದನ್ನು ಅಣ್ಣನಿಗೆ ಹೇಳುವವರು ಯಾರು? ತನ್ನ ಮದುವೆಗೋಸ್ಕರ ಯಂತ್ರಕ್ಕೆ ಸುಳ್ಳು ಕಲಿಸಿದಳು ಅಂತಲೇ ಅವನು ತಿಳಿಯುತ್ತಾನೆ. ವೈನಿಯ ಹತ್ತಿರ ಮೆಲ್ಲಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಈ ಮನೆಯಲ್ಲಿ ಬಾಯಿ ಇರುವವರೆಲ್ಲ ತಪ್ಪು ಮಾತಾಡುತ್ತಿದ್ದಾರೆ, ಸರಿ ಗೊತ್ತಿರುವವಳು ಬಾಯಿ ಹೊಲಿದುಕೊಂಡಿದ್ದಾಳೆ ಎಂದು ಹೇಳಿ ಮುಗಿಸಿದಳು. ನೀಲಗಂಗಾ ಆದರೂ ಹೊಲಿಗೆ ಬಿಚ್ಚಲಿಲ್ಲ.

ಪ್ರಯೋಗದ ನಿಯಮದಂತೆ ಜಮಾದಾರ ಮನೆಯಲ್ಲೂ ಬಾಸಿಂಗ ಕಟ್ಟಿಕೊಂಡೇ ಇರಬೇಕಾಗಿತ್ತು. ಪಕ್ಕದ ಮನೆಯವರು ಗೋಡೆಯ ಮೇಲಿಂದ, ತಂಗಿಯ ಲಗ್ನ ಮುರಿದು ನಾಯಿಯ ಲಗ್ನ ಮಾಡುತ್ತಿದ್ದೀರೇನು ಎಂದು ಕೇಳಿದರು. ಮನೆಯಲ್ಲಿ ಒಂದು ವಿಚಿತ್ರ ಮಾತ್ರ ನಡೆಯುತ್ತಿತ್ತು. ಫಕೀರೇಶನ ಅಜ್ಜಿ, ಮನೆಯವರೆಲ್ಲ ಆಯಿ ಎಂದು ಕರೆಯುವ ದ್ಯಾಮವ್ವ, ಪಡಸಾಲೆಯ ಹೊರಸಿನ ಮೇಲೆ ಕಾಲು ಚಾಚಿ ಕೂತಿರುತ್ತಿದ್ದಳು. ಜಮಾದಾರ ಆ ಕಡೆ ಸುಳಿದಾಗಲೆಲ್ಲ ಹಸಿರು ದೀಪ ಮಿಣುಕುತ್ತಿತ್ತು. ಆದರೆ ನಾಯಿ ಕೂಡುತ್ತಿರಲಿಲ್ಲ. ತಲೆ ತಗ್ಗಿಸಿ ದಾಟಿ ಹೋಗುತ್ತಿತ್ತು. ತಂತಿ ಸಡಿಲಾಗಿರಬೇಕೆಂದು ನೀಲಗಂಗಾ ಪಟ್ಟಿ ಬದಲಿಸಿದಳು. ಹೊಸ ಪಟ್ಟಿಯೂ ಮಿಣುಕಿತು.

ಸ್ಟೇಷನ್ನಿನಲ್ಲಿ ಪ್ರಯೋಗದ ದಿನ ಬಂತು. ನೀಲಗಂಗಾ ಚಹಾ ಅಂಗಡಿಯ ಪಕ್ಕ ನಿಂತು, ಕೈಯೊಳಗಿನ ಪುಟ್ಟ ಪರದೆಯಲ್ಲಿ ದೀಪಗಳ ಏರಿಳಿತ ನೋಡುತ್ತಿದ್ದಳು. ಗಾಡಿ ಬಂತು. ಏಸಿ ಡಬ್ಬಿಯ ಮುಂದೆ ನಡೆಯುವಾಗ ಫಕೀರೇಶನ ಪದ ಗಟ್ಟಿಯಾಗಿ, ಮನೆಯಂಗಳದಲ್ಲಿ ಅಡ್ಡಾಡುವವನ ಹಾಗೆ ನಿರಾಳವಾಗಿ ಹೊರಟಿತು. ಒಂದು ಕಡೆ ಹಸಿರು ಸಣ್ಣಗೆ ಮಿಂಚಿತು. ಸೂಟು ತೊಟ್ಟ ಒಬ್ಬರು ಸಿಹಿ ಪೊಟ್ಟಣ ಹಿಡಿದು ಇಳಿಯುತ್ತಿದ್ದರು. ನಾಯಿ ಒಮ್ಮೆ ತಿರುಗಿ ನೋಡಿತು. ಫಕೀರೇಶ ಅವರಿಗೆ ಸಲಾಮು ಹೊಡೆದು ನಾಯಿಯ ಕೊರಳಪಟ್ಟಿ ಎಳೆದ. ನಾಯಿ ಮುಂದೆ ಹೋಯಿತು.

ಜನರಲ್ ಡಬ್ಬಿಯ ಹತ್ತಿರ ಪದ ನಿಂತಿತು. ಹಳದಿ.

ಜಮಾದಾರ ಕೂತದ್ದು ಒಬ್ಬ ಎಳೆಯ ಗೌಂಡಿಯ ಮುಂದೆ. ಸಿಮೆಂಟು ಮೆತ್ತಿದ ಕೂದಲು, ರಾತ್ರಿಯೆಲ್ಲ ನಿಂತು ಬಂದು ಕೆಂಪಾದ ಕಣ್ಣು. ಅವನ ಚೀಲ ಕೊಡವಿದರು. ಕರಣೆ, ತೂಕದ ಗುಂಡು, ಅದರ ಮೇಲೆ ಕಾಗದದಲ್ಲಿ ಸುತ್ತಿದ ಕೂಸಿನ ಕುಂಚಿಗೆ. ಕೂಸಿಗೆ ಹೆಸರಿಡುವ ಕಾರ್ಯ ಅವತ್ತೇ ಅಂತೆ. ಮುಂದಿನ ಗಾಡಿ ಹಿಡಿದರೆ ಸರಿಯಾದ ಹೊತ್ತಿಗೆ ಮುಟ್ಟುತ್ತಿದ್ದ. ಅವನು ಜಗಳ ಮಾಡಲಿಲ್ಲ, ಅಳಲಿಲ್ಲ. ಹೆಂಡತಿಗೆ ಒಂದು ಫೋನ್ ಮಾಡಿ, ನನ್ನನ್ನು ಕಾಯಬೇಡಿ, ಹೆಸರಿಟ್ಟುಬಿಡಿ ಅಂತ ಹೇಳುತ್ತೀರಾ ಎಂದು ಮಾತ್ರ ಕೇಳಿದ.

ನೀಲಗಂಗಾಳ ಕಾಲು ತಾವಾಗಿಯೇ ನಡೆದವು. ಅಷ್ಟು ಜನರ ನಡುವೆ ಅಣ್ಣನ ಮುಂದೆ ಹೋಗಿ ನಿಂತಳು.

“ಅಣ್ಣಾ, ಹಳದಿ ಹತ್ತಿತ್ತು,” ಅಂದಳು. “ಅವನ ಹತ್ರ ಏನೂ ಇಲ್ಲ. ಬಿಟ್ಟುಬಿಡು.”

ದನಿ ಸಣ್ಣದೇ ಇತ್ತು, ಆದರೂ ಪ್ಲಾಟ್‌ಫಾರಂ ಕೇಳಿಸಿಕೊಂಡಿತು. ಫಕೀರೇಶನ ಮುಖಕ್ಕೆ ರಕ್ತ ನುಗ್ಗಿತು. ಮನೆಗೆ ನಡಿ ಎಂದಷ್ಟೇ ಹೇಳಿ, ಗೌಂಡಿಯನ್ನು ಕರೆದುಕೊಂಡು ಕೋಣೆಯ ಕಡೆ ಹೋದ.

ಸಂಜೆ ಮನೆಗೆ ಬಂದವನು ಬೂಟು ಬಿಚ್ಚುವುದಕ್ಕೂ ಮೊದಲು ಕೂಗಾಡಲು ಶುರುಮಾಡಿದ. ಗೌಂಡಿಯ ಹತ್ತಿರ ಏನೂ ಸಿಕ್ಕಿರಲಿಲ್ಲ. ಅದಕ್ಕೇ ಅವನ ದನಿ ಇನ್ನಷ್ಟು ಏರಿತ್ತು. ನೀಲಗಂಗಾ ಈ ಸಲ ಒಳಗೆ ಹೋಗಲಿಲ್ಲ. ಕೆಂಪು ದಾರದ ಗಡಿಗೆಯ ಕಥೆಯನ್ನೂ, ಪದ ನಿಲ್ಲುವುದನ್ನೂ, ಏಸಿ ಡಬ್ಬಿಯ ಹಸಿರನ್ನೂ ಒಂದೊಂದಾಗಿ, ನೆಲ ನೋಡುತ್ತ, ಆದರೆ ಎಲ್ಲೂ ತಡವರಿಸದೆ ಹೇಳಿದಳು.

ಫಕೀರೇಶ ಒಂದು ಬೂಟು ಬಿಚ್ಚಿ ಮೂಲೆಗಿಟ್ಟ. ಆಮೇಲೆ ನಕ್ಕ, ಗೆದ್ದವನ ನಗು.

“ನಿಮ್ಮ ಬಾಸಿಂಗದ ಬಂಡವಾಳ ನಾ ನೋಡೀನಿ. ದಿನಾ ಆಯಿ ಮುಂದ ಹಸಿರು ಹತ್ತತೈತಿ. ಹಂಗಾದ್ರ ನಮ್ಮ ಆಯಿ ಗಾಂಜಾ ಮಾರ್ತಾಳೇನು?”

ಕಸ್ತೂರಿ ನಕ್ಕಳು. ಅದೊಂದು ದೋಷ ನೀಲಗಂಗಾಳಿಗೂ ಬಿಡಿಸಲಾಗದ್ದು. ಒಂದು ಹಸಿರು ಸುಳ್ಳಾದರೆ ಹಳದಿ ನಿಜ ಎಂದು ಯಾರು ನಂಬುತ್ತಾರೆ? ಮಲ್ಹಾರಿ ಕೈಬಿಟ್ಟುಹೋಗುತ್ತಿರುವುದು ಅವಳ ಕಣ್ಣಿಗೆ ಕಟ್ಟಿದಂತಾಯಿತು.

ಹೊರಸಿನ ಮೇಲಿದ್ದ ಆಯಿ ಮಾತ್ರ ನಗಲಿಲ್ಲ. ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, ಹಸಿರು ದೀಪ ಅಂದರೆ ಏನು ಅಂತ ಇನ್ನೊಮ್ಮೆ ಕೇಳಿದಳು. ನೀಲಗಂಗಾ ಹೇಳಿದಳು. ಆಯಿ ಮೊಮ್ಮಗನನ್ನು ಒಂದು ಸಲ, ನಾಯಿಯನ್ನು ಒಂದು ಸಲ ನೋಡಿ, ದಿಂಬಿನಡಿ ಕೈ ಹಾಕಿ ಒಂದು ಸಣ್ಣ ಬಾಟಲಿ ಹೊರಗೆ ತೆಗೆದಳು.

“ಮಣಕಾಲಿಗೆ ಹಚ್ಚು ಎಣ್ಣಿ ಇದು. ಗುಡ್ಡದ ಮಠದ ಬೈರಾಗಿ ಕಾಸಿ ಕೊಡ್ತಾನ. ಅದೇನೋ ಸೊಪ್ಪು ಹಾಕ್ತಾನ, ಹೆಸರು ಕೇಳಬ್ಯಾಡ ಆಯಿ ಅಂದಾನ. ನಾ ಕೇಳಿಲ್ಲ,” ಅಂದಳು. “ವಾಸನಿ ನೋಡಿದ್ರ ಗೊತ್ತಾಗ್ತಿತ್ತು, ನಾ ಮೂಗು ಮುಚ್ಚಿಕೊಂಡು ಹಚ್ಚಿಕೋತೀನಿ.”

ಜಮಾದಾರನ ಹಣೆಯ ಮೇಲೆ ಹಸಿರು ಮಿಣುಕಿತು.

“ಈ ಮೂಕ ಪ್ರಾಣಿ ಸುಳ್ಳು ಹೇಳಿಲ್ಲೋ ಫಕೀರ,” ಆಯಿ ಮುಂದುವರಿಸಿದಳು. “ಮನಿಗೆ ಬಂದ ಹೊಸತರಾಗ ದಿನಾ ನನ್ನ ಮುಂದ ಕೂಡ್ತಿತ್ತು. ರೊಟ್ಟಿಗೆ ಆಸೆಬಡಿತೈತಿ ಅಂತ ನೀನ ಬೈದು ಬೈದು ಬಿಡಿಸಿದಿ.”

ನೀಲಗಂಗಾಳಿಗೆ ಆಗ ತಲೆ ತಗ್ಗಿಸಿ ದಾಟುವ ನಾಯಿ ಅರ್ಥವಾಯಿತು. ಮೂಗು ಇದೆ ಎನ್ನುತ್ತಿತ್ತು, ಯಜಮಾನ ಇಲ್ಲ ಎನ್ನುತ್ತಿದ್ದ. ಬಡಪಾಯಿ ಯಜಮಾನನ ಮಾತನ್ನೇ ನಡೆಸಿತ್ತು. ಹಾಗೆಯೇ ಏಸಿ ಡಬ್ಬಿ. ಹಾಗೆಯೇ, ತಿರುಗುಮುರುಗಾಗಿ, ಜನರಲ್ ಡಬ್ಬಿ.

ಫಕೀರೇಶ ಬಾಟಲಿಯ ಬೂಚು ತೆಗೆದು ಮೂಸಿದ. ಠಾಣೆಯಲ್ಲಿ ವರ್ಷಗಟ್ಟಲೆ ಮೂಸಿದ ವಾಸನೆ, ಗುರುತು ಸಿಗದೇ ಇರಲು ಸಾಧ್ಯವಿರಲಿಲ್ಲ. ಇಷ್ಟು ದಿನ ಅದು ತನ್ನ ಮನೆಯ ಪಡಸಾಲೆಯಲ್ಲಿತ್ತು, ತಾನು ಅದನ್ನು ಆಯಿಯ ವಾಸನೆ ಎಂದುಕೊಂಡಿದ್ದ. ಹೊಸ್ತಿಲ ಮೇಲೆ ಕುಸಿದು ಕೂತ. ಮೆಲ್ಲಗೆ, ಇದನ್ನು ಹಿತ್ತಲಲ್ಲಿ ಚೆಲ್ಲಿ ಎಲ್ಲರೂ ಮರೆತುಬಿಡೋಣ ಎಂದ.

“ಹಂಗ್ಯಾಕ್ರೀ?” ಕಸ್ತೂರಿ ಸೊಂಟಕ್ಕೆ ಕೈಯಿಟ್ಟಳು. “ಆಯಿಗೊಂದು ಕಾಯ್ದೆ, ಆ ಗೌಂಡಿಗೊಂದು ಕಾಯ್ದೆ ಐತೇನು?”

ಫಕೀರೇಶ ಬಾಯಿಬಡುಕನಿರಬಹುದು, ಅಪ್ರಾಮಾಣಿಕನಲ್ಲ. ಆ ಮಾತು ಅವನಿಗೆ ನಾಟಿತು. ಆಯಿಗೆ ಅದು ಅವನಿಗಿಂತ ಮೊದಲೇ ನಾಟಿತ್ತು. ಕರೆದುಕೊಂಡು ನಡಿ ನಿನ್ನ ಕೋಣೆಗೆ, ನಾನೂ ಸಂಜೆಯ ತನಕ ಕೂತು ಬರುತ್ತೇನೆ, ಎಲೆ ಅಡಿಕೆ ಚೀಲ ಒಂದಕ್ಕೆ ಪರವಾನಗಿ ಕೊಡಿಸು ಸಾಕು ಎಂದಳು. ಅವನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ.

ಹಾಗೆ ಮರುದಿನ ಬೆಳಗ್ಗೆ ದ್ಯಾಮವ್ವ ಇಳಕಲ್ಲ ಸೀರೆ ಉಟ್ಟು, ಆಟೋದಲ್ಲಿ ಬಂದು, ಹೆಡ್ ಕಾನ್‌ಸ್ಟೇಬಲ್ ಮೊಮ್ಮಗನ ತೋಳು ಹಿಡಿದು ತಪಾಸಣೆ ಕೋಣೆಯೊಳಗೆ ಹೋದಳು. ಹೋಗುವಾಗ ಬಾಗಿಲಲ್ಲಿ ಫಕೀರೇಶ ನಾಯಿಯ ತಲೆ ಸವರಿ ಸುಮ್ಮನೆ ನಿಂತ. ಜಮಾದಾರ ಅನುಮಾನದಿಂದ ಒಮ್ಮೆ ಅವನನ್ನು ನೋಡಿ, ಬೈಗುಳ ಬರಲಿಲ್ಲವಾದ್ದರಿಂದ, ಆಯಿಯ ಮುಂದೆ ಕೂತ. ಹಸಿರು. ಆಯಿ ಬೆಂಚಿನ ಮೇಲೆ ಕೂತವರಿಗೆಲ್ಲ ಎಲೆ ಹಂಚಿದಳು, ಕೋಣೆಗೆ ಫ್ಯಾನಿಲ್ಲವೆಂದು ಇನ್‌ಸ್ಪೆಕ್ಟರನ್ನು ತರಾಟೆಗೆ ತೆಗೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅವಳನ್ನು ನೋಡಲು ಬಂದ ಜನರಿಂದ ಪ್ಲಾಟ್‌ಫಾರಂ ತುಂಬಿಹೋಯಿತು. ಇಷ್ಟು ದಿನ ಆ ಬೆಂಚಿನ ಮೇಲೆ ಕೂತವರನ್ನು ಯಾರೂ ನೋಡಿರಲಿಲ್ಲ. ಅವಳ ಪಕ್ಕದಲ್ಲಿ ಕೂತವರನ್ನೂ ಜನ ಮೊದಲ ಸಲ ಮುಖವೆತ್ತಿ ನೋಡಿದರು, ಯಾವ ಊರು, ಯಾಕೆ ಕೂಡಿಸಿದ್ದಾರೆ ಎಂದು ಕೇಳಿದರು. ಕೇಳಿದವರಲ್ಲಿ ಪತ್ರಿಕೆಯವರೂ ಇದ್ದರು.

ಎಣ್ಣೆಯನ್ನು ಸಂಶೋಧನಾಲಯದಲ್ಲಿ ಪರೀಕ್ಷೆ ಮಾಡಿ, ಎಚ್ಚರಿಕೆ ಕೊಟ್ಟು, ಗಟಾರಕ್ಕೆ ಚೆಲ್ಲಿಸಿದರು. ಬೈರಾಗಿಯ ಮಠಕ್ಕೆ ಹೋಗುವಷ್ಟರಲ್ಲಿ ಅವನು ಬೇರೆ ಗುಡ್ಡ ಹತ್ತಿದ್ದ. ಉಪಾಧ್ಯೆ ಮೊಣಕಾಲಿಗೆ ಬೇರೆ ಮುಲಾಮು ಕೊಟ್ಟರು. ಅದರಲ್ಲಿ ಮೊದಲಿನ ಗುಣವಿಲ್ಲ ಎಂದು ಆಯಿ ಇವತ್ತಿಗೂ ಗೊಣಗುತ್ತಾಳೆ. ಹಳದಿ ದೀಪಕ್ಕೆ ಯಾರನ್ನೂ ತಡೆಯಬಾರದು ಎಂದು ಕೆಲವೇ ವಾರಗಳಲ್ಲಿ ಮೇಲಿನಿಂದ ಆದೇಶ ಬಂತು. ಫಕೀರೇಶ ಅದಕ್ಕೂ ಕಾಯಲಿಲ್ಲ. ಜಟಕಾ ಕುದುರೆಗೆ ಕಟ್ಟುವಂಥ ಕಣ್ಣಕಾಪು ತನಗೇ ಹೊಲಿಸಿಕೊಂಡು, ಅಕ್ಕಪಕ್ಕದ ಪ್ರಯಾಣಿಕರು ಕಾಣದ ಹಾಗೆ, ಪದವನ್ನು ಎಲ್ಲೂ ನಿಲ್ಲಿಸದೆ ಎತ್ತಿದ ದನಿಯಲ್ಲಿ ಹಾಡುತ್ತ ಪ್ಲಾಟ್‌ಫಾರಂ ತುಂಬ ನಡೆಯತೊಡಗಿದ. ಜನ ನಕ್ಕರು, ನಗಲಿ ಅಂದ. ಆ ವಾರವೇ ಜಮಾದಾರ ಏಸಿ ಡಬ್ಬಿಯ ಒಂದು ಸಿಹಿ ಪೊಟ್ಟಣದ ಮುಂದೆ ಹಸಿರಾಗಿ ಕೂತ. ಪೇಡೆಯ ಕೆಳಗೆ ಪೇಡೆಯಲ್ಲದ್ದು ಬೇಕಾದಷ್ಟಿತ್ತು. ಗೌಂಡಿಯ ಊರು ಹುಡುಕಿಕೊಂಡು ಹೋಗಿ ಫಕೀರೇಶ ಕೂಸಿಗೆ ಒಂದು ಬೆಳ್ಳಿಯ ಉಡಿದಾರ ಕೊಟ್ಟು ಬಂದ. ಅಲ್ಲಿ ಏನು ಮಾತಾಯಿತೋ ಯಾರಿಗೂ ಹೇಳಲಿಲ್ಲ. ಮೀಸೆಯಿಲ್ಲದ ಮುಖದಲ್ಲಿ ಮನೆಗೆ ಬಂದ.

ತಪ್ಪು ಒಪ್ಪಿಕೊಳ್ಳಲು ಉಳಿದದ್ದು ಒಂದು ಮನೆ. ಒಂದು ಡೇರೆ, ಎನ್ನಬೇಕು.

ಕಂಪನಿಯ ಬಿಡಾರಕ್ಕೆ ಅವನು ನೀಲಗಂಗಾಳನ್ನೂ ಕಸ್ತೂರಿಯನ್ನೂ ಕರೆದುಕೊಂಡು ಹೋದ. ಬೆಳಗಿನ ಬಿಸಿಲಿನಲ್ಲಿ ಮಲ್ಹಾರಿ ನೆಲಕ್ಕೆ ಹಾಸಿದ ಪರದೆಯ ಮೇಲೆ ಕೂತು ಅರಮನೆಗೆ ಕಂಬ ಎಬ್ಬಿಸುತ್ತಿದ್ದ. ನೀಲಗಂಗಾಳನ್ನು ಕಂಡು ಕಂಬ ಸ್ವಲ್ಪ ಸೊಟ್ಟಗಾಯಿತು. ರೇಣವ್ವ ಹೊರಗೆ ಬಂದು, ಬಂದವರನ್ನು ಕೂಡ್ರಿ ಎನ್ನದೆ ನಿಂತಳು. ಕಂಪನಿಯವರೆಲ್ಲ ಒಬ್ಬೊಬ್ಬರಾಗಿ ಸುತ್ತ ನೆರೆದರು.

ಫಕೀರೇಶ ಕೈ ಜೋಡಿಸಿ, ತನ್ನದೇ ತಪ್ಪು, ನಾಯಿಯದಲ್ಲ, ನಿಮ್ಮ ಹುಡುಗನದಂತೂ ಅಲ್ಲವೇ ಅಲ್ಲ ಎಂದು ಹೇಳಿದ. ತಂಗಿಯನ್ನು ನಿಮ್ಮ ಮನೆಗೆ ತಂದುಕೊಳ್ಳಬೇಕು ಎಂದ.

ರೇಣವ್ವ ಕೆನ್ನೆಗೆ ಬೆರಳಿಟ್ಟು ಯೋಚಿಸಿದಳು. “ಹೆಂಗ ತರೂದ್ರೀ? ನಿಮ್ಮ ಮನ್ಯಾಗ ಗಾಂಜಾ ಸಿಕ್ಕೈತಂತ ಊರೆಲ್ಲಾ ಗುಲ್ಲಾಗೇತಿ. ನಾವು ಮರ್ಯಾದಸ್ಥರು.”

“ಅದು ಆಯಿ ಎಣ್ಣಿ ಅವ್ವಾರ. ಗೊತ್ತಿಲ್ಲದ ಹಚ್ಚಿಕೊಂಡಿದ್ಲು. ನಮ್ಮ ಹುಡುಗಿಗೆ ಅದರ ಸುದ್ದೀನ ಇದ್ದಿಲ್ಲ.”

“ಎಲ್ಲಾರೂ ಹಂಗ ಅಂತಾರ,” ಅಂದಳು ರೇಣವ್ವ.

ಸ್ಟೇಷನ್ನಿನಲ್ಲಿ ದಿನವೂ ತಾನೇ ಆಡುತ್ತಿದ್ದ ಮಾತು ಇನ್ನೊಬ್ಬರ ಬಾಯಿಂದ ಬಂದಾಗ ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂಬುದು ಫಕೀರೇಶನಿಗೆ ಗೊತ್ತಾಯಿತು. ರೇಣವ್ವ ಮೆಲ್ಲಗೆ, ಕಿಸೆ ತೋರಿಸುತ್ತೀರೇನು ಎಂದಳು. ಮಲ್ಹಾರಿ ಅವ್ವಾ ಎಂದು ಎದ್ದು ಬಂದ, ಅವಳು ಕಣ್ಣಿನಲ್ಲೇ ಕೂಡಿಸಿದಳು. ಫಕೀರೇಶ ತಲೆ ತಗ್ಗಿಸಿ, ಪ್ಯಾಂಟಿನ ಎರಡೂ ಕಿಸೆಗಳನ್ನು ಹೊರಗೆ ಎಳೆದ. ಸೀಟಿ, ಬಸ್ ಟಿಕೇಟು, ನಾಯಿಯ ಬಿಸ್ಕಿಟು ನೆಲಕ್ಕೆ ಬಿದ್ದವು.

ರೇಣವ್ವ ಅವುಗಳನ್ನು ನೋಡಲೂ ಇಲ್ಲ. ನೇರವಾಗಿ ನೀಲಗಂಗಾಳ ಕಡೆ ತಿರುಗಿದಳು.

“ನೀ ಹೇಳವಾ. ನಿಮ್ಮಣ್ಣನ್ನ ನಂಬಬೌದೇನು?”

ಅಷ್ಟೂ ಜನ ಅವಳನ್ನೇ ನೋಡುತ್ತಿದ್ದರು. ಮಲ್ಹಾರಿ ಎಂದಿನಂತೆ ಅವಳ ಮಾತಿಗಾಗಿ ಕಾಯುತ್ತಿದ್ದ, ಅವಸರವಿಲ್ಲದೆ.

“ನಂಬ್ರಿ ಅತ್ತಿ,” ಅಂದಳು ನೀಲಗಂಗಾ. “ಆದ್ರ ಒಂದೀಟು ಪರೀಕ್ಷೆ ಮಾಡಿ ನಂಬ್ರಿ. ಹಂಗ ಮಾಡಿದ್ರ ಅವ ಭಾಳ ಚಲೋ ಮನಷ್ಯಾ.”

ರೇಣವ್ವ ತಡೆಯಲಾರದೆ ನಕ್ಕಳು. ರಾಣಿಯ ನಗು, ಹಿಂದಿನ ಸಾಲಿನ ತನಕ ಮುಟ್ಟುವಂಥದ್ದು. ಅತ್ತಿ ಅಂದುಬಿಟ್ಟಳಲ್ಲ ಹುಡುಗಿ, ಇನ್ನೇನು ಉಳಿಯಿತು ಎಂದು ಒಳಗಿನಿಂದ ಚಾಪೆ ತರಿಸಿದಳು. ಯಾರೋ ಚಹಾಕ್ಕೆ ನೀರಿಟ್ಟರು, ಯಾರೋ ಪಂಚಾಂಗ ಹುಡುಕಿದರು, ಮಲ್ಹಾರಿ ನೀಲಿ ಕೈ ತೊಳೆಯಲು ಓಡಿದ. ಶ್ರಾವಣದ ನಂತರವೋ ಮೊದಲೋ ಎಂದು ಹಿರಿಯರು ವಾದಕ್ಕೆ ಬಿದ್ದರು. ಫಕೀರೇಶ ಎಲ್ಲರಿಗಿಂತ ಗಟ್ಟಿಯಾಗಿ, ಕೈ ಬೀಸಿ ಬೀಸಿ, ಮೊದಲೇ ಆಗಲಿ ಎಂದು ವಾದಿಸುತ್ತಿದ್ದ. ಅವನ ಎರಡೂ ಕಿಸೆಗಳು ಇನ್ನೂ ಹೊರಗೇ ಜೋತಾಡುತ್ತಿದ್ದವು. ಒಳಗೆ ಹಾಕಿಕೋ ಎಂದು ಹೇಳುವ ಮನಸ್ಸು ಯಾರಿಗೂ ಬರಲಿಲ್ಲ.